ಎಳೆಯ ವೈದ್ಯರೂ ಶಾಸ್ತ್ರೀಯ ಬರೆವಣಿಗೆಯೂ

ವೈದ್ಯನಾದವನಿಗೆ ಬರೆವಣಿಗೆಯ ಗೊಡವೆ ಏತಕ್ಕೆಂದು ಕೇಳುವವರು ಈಗಲೂ ಉಂಟು. ನಾಡಿ ಹಿಡಿದು ರೋಗವನ್ನು ತಿಳಿಯಬಲ್ಲವನು ಲೇಖನಿ ಹಿಡಿಯದಿದ್ದರೆ ನಷ್ಟವೇನು ಎಂಬುದು ಅವರ ವಾದ. ಹೊರರೋಗಿಗಳ ಸಾಲು ಬಾಗಿಲಿನಾಚೆಗೂ ಬೆಳೆದಿರುವಾಗ ಈ ವಾದಕ್ಕೆ ಬಲ ಬರುವುದೂ ಸಹಜವೇ. ಆದರೆ ವೈದ್ಯಶಾಸ್ತ್ರದಲ್ಲಿ ಇಂದು ನಮಗೆ ಗೊತ್ತಿರುವುದರ ಬಹುಭಾಗವು, ಯಾರೋ ಒಬ್ಬರು ತಾವು ಕಂಡುದನ್ನು ಕಾಣದವರೂ ಪರೀಕ್ಷಿಸಿ ನೋಡಬಹುದಾದ ರೀತಿಯಲ್ಲಿ ಬರೆದಿಟ್ಟದ್ದರಿಂದ ದೊರೆತದ್ದು. ಬರೆಯದೆ ಉಳಿದ ಅನುಭವವು ಆ ವೈದ್ಯನೊಡನೆ ಹುಟ್ಟಿ ಆ ವೈದ್ಯನೊಡನೆಯೇ ಮುಗಿಯುತ್ತದೆ. ಅವನಿಗೆ ವರ್ಗವಾದರೆ ಅದಕ್ಕೂ ವರ್ಗವಾಗುತ್ತದೆ.

ಈ ಮಾತನ್ನು ದೊಡ್ಡ ಪಟ್ಟಣಗಳ ದೊಡ್ಡ ಆಸ್ಪತ್ರೆಗಳ ಉದಾಹರಣೆಯಿಂದ ವಿವರಿಸುವುದು ಸುಲಭ. ನಾವು ಬೇಕೆಂದೇ ದಕ್ಷಿಣ ಕನ್ನಡ ಜಿಲ್ಲೆಯ ಬಂಟವಾಳ, ಬೆಳ್ತಂಗಡಿ, ಮೂಡಬಿದರೆಗಳ ಕಡೆಗೆ ಶ್ರೋತೃಗಳ ಗಮನವನ್ನು ಸೆಳೆಯುತ್ತೇವೆ. ನೇತ್ರಾವತಿಯ ದಡದ ಬಂಟವಾಳ, ಘಟ್ಟದ ಬುಡದ ಬೆಳ್ತಂಗಡಿ, ಬಸದಿಗಳ ಊರಾದ ಮೂಡಬಿದರೆ, ಇವು ಮೂರೂ ಮಂಗಳೂರಿನ ಮೆಡಿಕಲ್ ಕಾಲೇಜುಗಳಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿವೆ. ಆದರೂ ಇಲ್ಲಿಯ ಕಾಯಿಲೆಗಳು ಪಠ್ಯಪುಸ್ತಕದ ಅಧ್ಯಾಯಗಳ ಕ್ರಮವನ್ನು ಅನುಸರಿಸಿ ಬರುವುದಿಲ್ಲ. ಅಡಕೆ ಮರದಿಂದ ಬಿದ್ದವರು, ತೋಟದಲ್ಲಿ ಹಾವು ಕಚ್ಚಿದವರು, ಮಳೆಗಾಲದ ಇಲಿಜ್ವರದವರು, ಏನೆಂದು ಕೂಡಲೆ ಹೇಳಲಾಗದ ಜ್ವರದವರು, ಇವರನ್ನೆಲ್ಲ ಮೊದಲು ಕಾಣುವವರು ಅನೇಕ ವೇಳೆ ಪದವಿ ಪಡೆದು ಒಂದೆರಡು ವರ್ಷವೂ ಆಗದ ಎಳೆಯ ವೈದ್ಯರು. ಸ್ನಾತಕೋತ್ತರ ವ್ಯಾಸಂಗದ ವೈದ್ಯರು ಮೂರು ತಿಂಗಳ ಕಾಲ ಜಿಲ್ಲೆಯ ಆರೋಗ್ಯ ವ್ಯವಸ್ಥೆಯಲ್ಲಿ ದುಡಿಯಬೇಕೆಂದು ೨೦೨೦ರಲ್ಲಿ ನಿಯಮವಾಯಿತು. ಹೀಗೆ ಬರುವವರ ಕಣ್ಣಿಗೆ ಬಿದ್ದುದು ಕೇಸ್ ಶೀಟಿನೊಳಗೆ ಸೇರಿ, ಕೇಸ್ ಶೀಟು ಕಟ್ಟಿನೊಳಗೆ ಸೇರಿ, ಕಟ್ಟು ಬೀರುವಿನ ಮೇಲಕ್ಕೆ ಹೋಗುತ್ತದೆ. ಅಲ್ಲಿಂದ ಅದನ್ನು ಇಳಿಸುವ ವಿದ್ಯೆಯನ್ನೇ ನಾವು ಶಾಸ್ತ್ರೀಯ ಬರೆವಣಿಗೆಯೆಂದು ಕರೆಯುತ್ತೇವೆ.

ಇದರಿಂದ ಆಗುವ ಪ್ರಯೋಜನವೇನೆಂಬುದಕ್ಕೆ ಮಂಗನ ಕಾಯಿಲೆಯ ವೃತ್ತಾಂತವು ಒಳ್ಳೆಯ ನಿದರ್ಶನ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬೀಳುತ್ತಿದ್ದವು. ಹತ್ತಿರದ ಹಳ್ಳಿಗಳಲ್ಲಿ ಜನರಿಗೂ ಉಗ್ರವಾದ ಜ್ವರ ಬರುತ್ತಿತ್ತು. ಮೊದಲಿಗೆ ಅದು ಟೈಫಾಯಿಡಿನ ಜಾತಿಯ ಜ್ವರವೆಂದೇ ಸಂಶಯಪಟ್ಟರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಪರೀಕ್ಷಿಸಿ, ಇದು ಉಣುಗಿನಿಂದ ಹರಡುವ ಹೊಸದೊಂದು ವೈರಸ್ಸೆಂದು ಗೊತ್ತುಮಾಡಿದರು. ೧೯೬೧ರಲ್ಲಿ ವೆಬ್ ಮತ್ತು ಲಕ್ಷ್ಮಣ ರಾವ್ ಎಂಬ ವೈದ್ಯರು ಈ ರೋಗಿಗಳ ವೃತ್ತಾಂತವನ್ನು ಬರೆದು, ಕೆಲವರಲ್ಲಿ ಮೆದುಳಿಗೂ ನರಗಳಿಗೂ ಸಂಬಂಧಿಸಿದ ತೊಡಕುಗಳು ಕಂಡುಬಂದುದನ್ನು ಪ್ರಕಟಿಸಿದರು. ಈ ಕಾಯಿಲೆಯ ಸ್ವಭಾವವೇ ವಿಚಿತ್ರವಾದುದು. ಮೊದಲು ಜ್ವರ, ತಲೆನೋವು, ಮೈಕೈ ನೋವು, ಕಣ್ಣು ಕೆಂಪಾಗುವುದು, ಕೆಲವರಿಗೆ ರಕ್ತಸ್ರಾವ. ಬಳಿಕ ಜ್ವರ ಬಿಟ್ಟು ರೋಗಿಯು ಗುಣವಾದನೆಂದು ಮನೆಯವರು ಸಮಾಧಾನಪಟ್ಟಿರುವಾಗ, ಒಂದೆರಡು ವಾರದ ಮೇಲೆ ಕೆಲವರಲ್ಲಿ ಮತ್ತೆ ಜ್ವರವೇರಿ ಕುತ್ತಿಗೆಯ ಬಿಗಿತ, ಕೈಕಾಲಿನ ನಡುಕ, ಬುದ್ಧಿಯ ಭ್ರಮೆ ಕಾಣಿಸುತ್ತವೆ.

ಈ ಎರಡನೆಯ ಜ್ವರದ ಸಂಗತಿಯು ತಿಳಿದುದು ಹೇಗೆಂಬುದನ್ನು ಸ್ವಲ್ಪ ಯೋಚಿಸಬೇಕು. ಅದಕ್ಕೆ ಸೂಕ್ಷ್ಮದರ್ಶಕ ಬೇಕಾಗಲಿಲ್ಲ, ತಾರೀಖು ಬೇಕಾಯಿತು. ಜ್ವರ ಬಂದ ದಿನ ಯಾವುದು, ಬಿಟ್ಟ ದಿನ ಯಾವುದು, ಮತ್ತೆ ಬಂದ ದಿನ ಯಾವುದು ಎಂದು ಒಬ್ಬೊಬ್ಬ ರೋಗಿಯ ವಿಷಯದಲ್ಲಿಯೂ ಗುರುತು ಹಾಕಿಟ್ಟರೆ ಮಾತ್ರ, ಹಲವರನ್ನು ಸಾಲಾಗಿ ನೋಡಿದಾಗ ನಡುವಣ ಬಿಡುವು ಕಣ್ಣಿಗೆ ಬೀಳುತ್ತದೆ. “ಕೆಲವು ದಿನಗಳಿಂದ ಜ್ವರ” ಎಂದು ಬರೆದ ನೂರು ಕೇಸ್ ಶೀಟುಗಳನ್ನು ರಾಶಿ ಹಾಕಿದರೂ ಅದರಿಂದ ಏನೂ ಹೊರಡುವುದಿಲ್ಲ. ಆದ್ದರಿಂದ ಎಳೆಯ ವೈದ್ಯರಿಗೆ ಪ್ರಬಂಧರಚನೆಯನ್ನು ಕಲಿಸಬೇಕೆನ್ನುವವರು ಪ್ರಬಂಧದಿಂದ ಆರಂಭಿಸಬಾರದು, ಕೇಸ್ ಶೀಟಿನಿಂದ ಆರಂಭಿಸಬೇಕೆಂಬುದೇ ನಮ್ಮ ಮುಖ್ಯವಾದ ಅಭಿಪ್ರಾಯ.

ಅದೇ ಕಾಯಿಲೆ ೧೯೮೨–೮೩ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಕಡೆಗೆ ಬಂದಿತು. ಗೇರು ತೋಟವನ್ನೆಬ್ಬಿಸಲು ಅಲ್ಲಿ ಕಾಡನ್ನು ಕಡಿದುದೇ ಇದಕ್ಕೆ ಕಾರಣವಾಯಿತೆಂದು ಆಮೇಲೆ ಬರೆದ ವಿದ್ವಾಂಸರು ಹೇಳುತ್ತಾರೆ. ಸಾವಿರಕ್ಕೂ ಮೇಲ್ಪಟ್ಟು ಜನ ಹಾಸಿಗೆ ಹಿಡಿದರು, ಸತ್ತವರೂ ಅನೇಕರು. ಮಂಗಳೂರಿನ ವೈದ್ಯರು ಈ ಕಾಯಿಲೆಯ ನೂರು ಮಂದಿ ರೋಗಿಗಳನ್ನು ಕುರಿತು ಬರೆದ ಲೇಖನವು ಭಾರತದ ವೈದ್ಯಪತ್ರಿಕೆಯೊಂದರಲ್ಲಿ ಅಚ್ಚಾದುದು ೧೯೯೩ರಲ್ಲಿ, ಎಂದರೆ ನಿಡ್ಲೆಯ ಪಿಡುಗು ಬಂದು ಹತ್ತು ವರ್ಷವಾದ ಮೇಲೆ. ಇದನ್ನು ನಾವು ದೂಷಣೆಯಾಗಿ ಹೇಳುತ್ತಿಲ್ಲ. ರೋಗಿಗಳ ನಡುವೆ ಕೆಲಸ ಮಾಡುತ್ತಿರುವವರು ನೂರು ವೃತ್ತಾಂತಗಳನ್ನು ಕೂಡಿಸಿ, ತೂಗಿ, ಅಚ್ಚಿಗೆ ಹೋಗುವಂತೆ ಮಾಡುವುದು ಸಾಮಾನ್ಯವಾದ ಶ್ರಮವಲ್ಲ. ಇಂತಹ ಲೇಖನ ಬಂದುದೇ ಭಾಗ್ಯ. ಆದರೆ ಬರೆಯಬಲ್ಲ ಕೈಗಳು ಇನ್ನಷ್ಟಿದ್ದರೆ ಇಂತಹ ಕೆಲಸ ಎಷ್ಟು ಬೇಗ ಆದೀತೆಂಬುದನ್ನು ಊಹಿಸಬಹುದು.

ನಿಡ್ಲೆಯ ಹೆಸರು ಇನ್ನೊಂದು ದುಃಖಕರವಾದ ಪ್ರಕರಣದಲ್ಲಿಯೂ ಬರುತ್ತದೆ. ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ವರ್ಷ ವರ್ಷವೂ ಸಿಂಪಡಿಸುತ್ತಿದ್ದರು. ಗಡಿಯಾಚೆ ಕಾಸರಗೋಡಿನ ಕನ್ನಡ ಗ್ರಾಮವಾದ ಪಡ್ರೆಯಲ್ಲಿಯೂ ಇದೇ ಕಥೆ. ಅಲ್ಲಿ ವೈದ್ಯವೃತ್ತಿಯಲ್ಲಿದ್ದ ಡಾಕ್ಟರ್ ವೈ. ಎಸ್. ಮೋಹನ ಕುಮಾರರು, ತಮ್ಮಲ್ಲಿಗೆ ಬರುವವರಲ್ಲಿ ನರಗಳ ಕಾಯಿಲೆ, ಬುದ್ಧಿಮಾಂದ್ಯ, ಹುಟ್ಟಿನಿಂದ ಬಂದ ಅಂಗವಿಕಲತೆ ಇವು ಒಂದು ಚಿಕ್ಕ ಊರಿಗೆ ಸಲ್ಲುವುದಕ್ಕಿಂತ ಹೆಚ್ಚಾಗಿ ತೋರುತ್ತಿವೆಯೆಂದು ಗಮನಿಸಿದರು. ೧೯೯೦ರ ದಶಕದಲ್ಲಿ ಅವರು ಕೇರಳದ ವೈದ್ಯಪತ್ರಿಕೆಯೊಂದಕ್ಕೆ ಬರೆದು, ಇದರ ಕಾರಣವನ್ನು ಹುಡುಕುವುದಕ್ಕೆ ತಜ್ಞರ ಸಹಾಯವನ್ನು ಕೋರಿದರು. ಹಳ್ಳಿಯ ವೈದ್ಯರೊಬ್ಬರ ಆ ಬರೆಹದ ಗುಣವಿರುವುದು ಅದರ ವಿನಯದಲ್ಲಿ: ಕಂಡುದನ್ನು ಕಂಡಷ್ಟೇ ಹೇಳಿ, ಕಾಣದ್ದನ್ನು ಇತರರನ್ನು ಕೇಳಿದರು.

ಆದರೆ “ಹೆಚ್ಚು” ಎಂಬ ಮಾತು ಶಾಸ್ತ್ರದಲ್ಲಿ ನಿಲ್ಲಬೇಕಾದರೆ “ಯಾವುದಕ್ಕಿಂತ ಹೆಚ್ಚು” ಎಂಬುದಕ್ಕೆ ಉತ್ತರ ಬೇಕು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿಸ್ವಾಸ್ಥ್ಯ ಸಂಸ್ಥೆಯವರು ಮುಂದೆ ಬಂದು, ಗೇರು ಗುಡ್ಡದ ಬುಡದಲ್ಲಿದ್ದ ಹಳ್ಳಿಯ ೧೧೭ ಮಂದಿ ಹುಡುಗರನ್ನೂ, ಸಿಂಪರಣೆಯ ಸೋಂಕಿಲ್ಲದ ಬೇರೆ ಕಡೆಯ ೯೦ ಮಂದಿ ಹುಡುಗರನ್ನೂ ಹೋಲಿಸಿ ನೋಡಿದರು. ಮೊದಲಿನ ಹುಡುಗರಲ್ಲಿ ಪ್ರಾಯಕ್ಕೆ ಬರುವ ಚಿಹ್ನೆಗಳು ತಡವಾಗಿ ತೋರುತ್ತವೆಯೆಂದು ೨೦೦೩ರಲ್ಲಿ ಪ್ರಕಟಿಸಿದರು. ಆ ೯೦ ಮಂದಿಯನ್ನು ಬಿಟ್ಟು ೧೧೭ ಮಂದಿಯನ್ನು ಮಾತ್ರ ವರ್ಣಿಸಿದ್ದರೆ, ಅದು ಕರುಣಾಜನಕವಾದ ವೃತ್ತಾಂತವಾಗುತ್ತಿತ್ತೇ ವಿನಾ ಸಾಕ್ಷ್ಯವಾಗುತ್ತಿರಲಿಲ್ಲ. ಈ ವಿಷಯದಲ್ಲಿ ವಾದವಿವಾದಗಳು ಬಹುಕಾಲ ನಡೆದವು. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಔಷಧವನ್ನು ದೇಶದಲ್ಲಿ ನಿಷೇಧಿಸಿತು. ತಾಲ್ಲೂಕಿನಲ್ಲಿ ಕುಳಿತ ವೈದ್ಯರ ಒಂದು ಪುಟದ ಬೆನ್ನ ಹಿಂದೆ ಎಷ್ಟು ಮನೆಗಳ ಗತಿ ನಿಂತಿರಬಹುದೆಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಇದನ್ನು ಕಲಿಸುವುದು ಹೇಗೆ? ಈಗ ನಡೆಯುತ್ತಿರುವ ಕ್ರಮ ತಕ್ಕಮಟ್ಟಿಗೆ ಒಳ್ಳೆಯದೇ. ೨೦೧೯ರಿಂದ ಸ್ನಾತಕೋತ್ತರ ವಿದ್ಯಾರ್ಥಿಗಳು ಸಂಶೋಧನ ಕ್ರಮವನ್ನು ಕುರಿತ ಪಾಠಮಾಲೆಯೊಂದನ್ನು ಅಂತರ್ಜಾಲದ ಮೂಲಕ ಮುಗಿಸಬೇಕೆಂದು ವಿಧಿಸಿದ್ದಾರೆ. ಚೆನ್ನೈಯ ರಾಷ್ಟ್ರೀಯ ಸಾಂಕ್ರಾಮಿಕರೋಗಶಾಸ್ತ್ರ ಸಂಸ್ಥೆಯವರು ಅದನ್ನು ರಚಿಸಿದರು. ಪದವಿಗಾಗಿ ಒಂದು ಮಹಾಪ್ರಬಂಧವನ್ನೂ ಬರೆಯಬೇಕು. ಆದರೆ ಕಡ್ಡಾಯವೆಂಬುದಕ್ಕೆ ಒಂದು ಕೆಟ್ಟ ಗುಣವುಂಟು. ಹಿಂದಣ ಭಾರತೀಯ ವೈದ್ಯ ಪರಿಷತ್ತು ಪರೀಕ್ಷೆಗೆ ಕೂರುವ ಮೊದಲು ಒಂದು ಲೇಖನವನ್ನು ಪ್ರಕಟಣೆಗೆ ಕಳುಹಿಸಲೇಬೇಕೆಂದು ವಿಧಿಸಿತಷ್ಟೆ. ಕೂಡಲೆ, ಹಣ ಕೊಟ್ಟರೆ ಓದದೆಯೇ ಅಚ್ಚುಹಾಕುವ ಪತ್ರಿಕೆಗಳಿಗೆ ಗಿರಾಕಿಗಳು ದೊರೆತರು. ಹಳೆಯ ಪ್ರಬಂಧದ ಹೆಸರನ್ನೂ ಊರನ್ನೂ ಬದಲಾಯಿಸಿ ಹೊಸದು ಮಾಡುವ ಕಲೆಯೂ ಬೆಳೆಯಿತು. ಈಚೆಗಂತೂ ಯಂತ್ರವೇ ವಾಕ್ಯಗಳನ್ನು ಹೊಸೆದುಕೊಡುತ್ತದೆ. ವಾಕ್ಯಗಳೇನೋ ನುಣುಪಾಗಿರುತ್ತವೆ, ಆದರೆ ರೋಗಿಗೆ ಜ್ವರ ಯಾವ ದಿನ ಬಿಟ್ಟಿತೆಂಬುದು ಯಂತ್ರಕ್ಕೆ ತಿಳಿಯದು, ಹಾಸಿಗೆಯ ಪಕ್ಕದಲ್ಲಿ ನಿಂತವರಿಗೆ ಮಾತ್ರ ತಿಳಿಯುತ್ತದೆ.

ನಾವು ಒಪ್ಪುವ ಕ್ರಮವನ್ನು ಬಂಟವಾಳದ ಕಡೆಯ ಒಂದು ಕಲ್ಪಿತ ಉದಾಹರಣೆಯಿಂದ ವಿವರಿಸುತ್ತೇವೆ. ಎಳೆಯ ವೈದ್ಯರೊಬ್ಬರು ಅಡಕೆ ಮರದಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾದವರನ್ನು ಮೇಲಿಂದ ಮೇಲೆ ನೋಡುತ್ತಿದ್ದಾರೆನ್ನೋಣ. ಇದನ್ನು ಕುರಿತು ಬರೆಯಿರೆಂದರೆ ಅವರ ಮೊದಲನೆಯ ವಾಕ್ಯವು ಸಾಮಾನ್ಯವಾಗಿ ಹೀಗಿರುತ್ತದೆ: “ಭಾರತವು ಕೃಷಿಪ್ರಧಾನವಾದ ದೇಶವಾಗಿದ್ದು, ಎತ್ತರದಿಂದ ಬೀಳುವುದು ಸಮಸ್ತ ಲೋಕದಲ್ಲಿಯೂ ಗುರುತರವಾದ ಸಮಸ್ಯೆಯಾಗಿರುತ್ತದೆ.” ಇದರಲ್ಲಿ ಸುಳ್ಳಿಲ್ಲ, ಹೇಳಿದುದೂ ಏನೂ ಇಲ್ಲ. ಗುರುವಾದವರು ಇದರ ಮೇಲೆ ಗೀಟು ಹಾಕಿ ಒಂದು ಪ್ರಶ್ನೆಯನ್ನು ಕೇಳಬೇಕು: ಬಿದ್ದವರು ಕೊಯ್ಲಿಗೆ ಹತ್ತಿದವರೋ, ಮದ್ದು ಬಿಡಲು ಹತ್ತಿದವರೋ?

ಆ ಸೀಮೆಯನ್ನರಿಯದ ಶ್ರೋತೃಗಳಿಗಾಗಿ ಒಂದು ಮಾತು. ಮಳೆಗಾಲದಲ್ಲಿ ಅಡಕೆಗೆ ಕೊಳೆರೋಗ ಬಾರದಂತೆ ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಹೊಡೆಯುತ್ತಾರೆ. ಇದನ್ನೇ ಮದ್ದು ಬಿಡುವುದೆನ್ನುತ್ತಾರೆ. ಆಗ ಮರದ ಮೈ ಒದ್ದೆಯಾಗಿ ಜಾರುತ್ತದೆ. ಕೊಯ್ಲಿನ ಕಾಲ ಬೇರೆ, ಆಗಿನ ಮರವೂ ಬೇರೆ. ಕೆಲವರು ಕೆಳಗಿಳಿಯುವ ಶ್ರಮವನ್ನು ಉಳಿಸಲು ಮರದ ತುದಿಯನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟುವುದೂ ಉಂಟು. ಈ ಮೂರರಲ್ಲಿ ಯಾವುದರಿಂದ ಬಿದ್ದರೆಂಬುದನ್ನು ಕೇಸ್ ಶೀಟಿನಲ್ಲಿ ಬರೆದಿಡದಿದ್ದರೆ, “ಎತ್ತರದಿಂದ ಬಿದ್ದವರು” ಎಂಬ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ಅಪಾಯಗಳು ಹೂತುಹೋಗುತ್ತವೆ. ಬರೆದಿಟ್ಟರೆ, ಎಚ್ಚರಿಕೆಯನ್ನು ಯಾರಿಗೆ, ಯಾವ ತಿಂಗಳಲ್ಲಿ, ಯಾವ ಕೆಲಸದ ವಿಷಯವಾಗಿ ಹೇಳಬೇಕೆಂಬುದು ಗೊತ್ತಾಗುತ್ತದೆ.

ಪ್ರಶ್ನೆ ದೊರೆತ ಮೇಲೆ ವಾಕ್ಯಗಳಿಗೆ ಕೈಹಾಕದೆ ಮೊದಲು ಒಂದು ಕೋಷ್ಟಕದ ಗೆರೆಗಳನ್ನು ಎಳೆಯಿಸಬೇಕು. ಅಂಕಿಗಳಿಲ್ಲದ ಖಾಲಿ ಕೋಷ್ಟಕ. ಯಾವ ಮನೆಗಳನ್ನು ತುಂಬಬೇಕೆಂಬುದನ್ನು ನೋಡಿದರೆ ರೋಗಿಯನ್ನು ಏನೇನು ಕೇಳಬೇಕೆಂಬುದು ತಾನಾಗಿ ತಿಳಿಯುತ್ತದೆ. ಎಷ್ಟು ಜನ ಎಂದರೆ ಸಾಲದು, ಎಷ್ಟು ಜನರಲ್ಲಿ ಎಷ್ಟು ಜನ ಎಂದು ಕೇಳಬೇಕು. ನಡುವೆ ದೊಡ್ಡಾಸ್ಪತ್ರೆಗೆ ಹೋದವರನ್ನೂ, ಮತ್ತೆ ಬಾರದವರನ್ನೂ ಲೆಕ್ಕದಲ್ಲಿ ಕಾಣಿಸಬೇಕು. ಮಾಯವಾದ ರೋಗಿಯನ್ನು ಗುಣವಾದವನೆಂದು ಎಣಿಸುವುದು ಎಳೆಯರಲ್ಲಿ ಮಾತ್ರ ಕಾಣುವ ದೋಷವಲ್ಲ.

ಲೇಖನದ ಅಂಗಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಏತಕ್ಕಾಗಿ ಆರಂಭಿಸಿದೆವು, ಏನು ಮಾಡಿದೆವು, ಏನು ಕಂಡಿತು, ಅದರ ಅರ್ಥವೇನು ಎಂಬ ನಾಲ್ಕು ಭಾಗಗಳ ಪದ್ಧತಿಯು ದೊಡ್ಡ ವೈದ್ಯಪತ್ರಿಕೆಗಳಲ್ಲಿ ೧೯೪೦ರ ದಶಕದಿಂದ ಹಬ್ಬುತ್ತ ಬಂದು, ೧೯೮೦ರ ದಶಕದ ಹೊತ್ತಿಗೆ ಸಾರ್ವತ್ರಿಕವಾಯಿತು. ಓದುವವರಿಗೆ ಇದು ಅನುಕೂಲ. ಬರೆಯುವವರು ಮಾತ್ರ ಈ ಕ್ರಮದಲ್ಲಿ ಬರೆಯಬೇಕಾಗಿಲ್ಲ. ಮಾಡಿದುದನ್ನೂ ಕಂಡುದನ್ನೂ ಮೊದಲು ಬರೆದು, ಪೀಠಿಕೆಯನ್ನು ಕೊನೆಗೆ ಬರೆದರೆ, ಆ “ಕೃಷಿಪ್ರಧಾನವಾದ ದೇಶ”ಕ್ಕೆ ಎಡೆಯೇ ಸಿಕ್ಕುವುದಿಲ್ಲ. ಬಂಟವಾಳವು ಪಂಜೆ ಮಂಗೇಶರಾಯರು ಹುಟ್ಟಿದ ಊರು. ಮಕ್ಕಳಿಗೂ ತಿಳಿಯುವ ಗದ್ಯವು ದೊಡ್ಡವರಿಗೆ ಅವಮಾನವಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ರೋಗಿಗಳ ಸಂಖ್ಯೆ ಕಡಿಮೆಯಾದರೆ ಬರೆಯಲು ಅರ್ಹವಲ್ಲವೆಂಬ ಭ್ರಮೆಯೊಂದಿದೆ. ಹಾವಿನ ವಿಷಕ್ಕೆ ನಮ್ಮ ದೇಶದಲ್ಲಿ ಕೊಡುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷದಿಂದ ತಯಾರಾಗುತ್ತದೆ. ಪಶ್ಚಿಮ ಘಟ್ಟದ ತೋಟಗಳಲ್ಲಿ ಮೂತಿ ಮೇಲೆತ್ತಿದ ಸಣ್ಣ ಗುಳಿಮಂಡಲವೊಂದಿದೆ. ಅದನ್ನು ಗರಗಸಮಂಡಲವೆಂದೇ ತಪ್ಪಾಗಿ ತಿಳಿಯುತ್ತಿದ್ದುದುಂಟು. ೨೦೦೭ರಲ್ಲಿ ಕೇರಳದ ವೈದ್ಯರ ಲೇಖನವೊಂದರಲ್ಲಿ ಐದೇ ಮಂದಿ ರೋಗಿಗಳ ವೃತ್ತಾಂತ ಬಂದಿತು. ಹಾವು ಯಾವುದೆಂಬುದನ್ನು ನಿಶ್ಚಯವಾಗಿ ಗುರುತಿಸಿ, ಅದರ ಕಡಿತವು ಪ್ರಾಣಾಪಾಯವನ್ನು ತರಬಲ್ಲುದೆಂದೂ, ದೇಶದ ಪ್ರತಿವಿಷವು ಅದಕ್ಕೆ ನಾಟುವುದಿಲ್ಲವೆಂದೂ ಅವರು ತೋರಿಸಿದರು. ಐದು ಜನ ಸಾಕಾದರು, ಏಕೆಂದರೆ ಹಾವಿನ ಗುರುತು ಖಚಿತವಾಗಿತ್ತು. “ಯಾವುದೋ ಹಾವು” ಎಂದು ಬರೆದ ಐನೂರು ವೃತ್ತಾಂತಗಳು ಇದಕ್ಕೆ ಸಮನಾಗಲಾರವು. ಬೆಳ್ತಂಗಡಿಯ ತೋಟದಿಂದ ಸತ್ತ ಹಾವನ್ನು ಚೀಲದಲ್ಲಿ ತಂದವರನ್ನು ಗದರಿಸಿ ಕಳುಹಿಸುವ ಮುನ್ನ ಅದರ ಒಂದು ಚಿತ್ರವನ್ನಾದರೂ ತೆಗೆದುಕೊಳ್ಳಬೇಕೆಂಬುದು ಬರೆವಣಿಗೆಯ ಪಾಠದಲ್ಲಿಯೇ ಸೇರಬೇಕಾದ ವಿಷಯ. ಹಾವನ್ನು ಹಿಡಿದು ಕೊಂದು ತನ್ನಿರೆಂದು ಮಾತ್ರ ಯಾರಿಗೂ ಹೇಳಬಾರದು. ಎರಡನೆಯ ಕಡಿತಕ್ಕೆ ಅದೇ ದಾರಿ.

ಮೂಡಬಿದರೆಯ ಕಡೆಗೆ ತಿರುಗಿದರೆ ಈ ಖಚಿತತೆಯ ಪ್ರಶ್ನೆ ಬೇರೊಂದು ವೇಷದಲ್ಲಿ ಎದುರಾಗುತ್ತದೆ. ಅಲ್ಲಿ ಆಯುರ್ವೇದ ಕಾಲೇಜಿದೆ. ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ ಪ್ರಕೃತಿಚಿಕಿತ್ಸೆಯ ಕಾಲೇಜಿದೆ. ಅಲ್ಲಿಯ ಎಳೆಯ ವೈದ್ಯರೂ ಲೇಖನಗಳನ್ನು ಬರೆಯಬೇಕಾದವರೇ. “ಬ್ರಾಹ್ಮಿಯ ರಸವನ್ನು ಕೊಟ್ಟೆವು” ಎಂದು ಬರೆದರೆ ಓದುವವರು ಏನೆಂದು ತಿಳಿಯಬೇಕು? ಕರಾವಳಿಯಲ್ಲಿ ಎಷ್ಟೋ ಜನ ಬ್ರಾಹ್ಮಿಯೆಂದು ಕರೆಯುವುದು ಒಂದೆಲಗವನ್ನು, ತುಳುವರ ತಿಮರೆಯನ್ನು. ಎಂದರೆ ಸೆಂಟೆಲ್ಲಾ ಏಷ್ಯಾಟಿಕಾ ಎಂಬ ಗಿಡವನ್ನು. ಇತರರಿಗೆ ಬ್ರಾಹ್ಮಿಯೆಂದರೆ ನೀರುಬ್ರಾಹ್ಮಿ, ಬಾಕೋಪಾ ಮೊನ್ನಿಯೇರಿ. ಎರಡೂ ಬೇರೆ ಬೇರೆ ಕುಟುಂಬದ ಸಸ್ಯಗಳು. ಗಿಡದ ಶಾಸ್ತ್ರೀಯವಾದ ಹೆಸರು, ಯಾವ ಭಾಗ, ಎಷ್ಟು ತೂಕ, ಎಷ್ಟು ದಿನ ಎಂಬುದಿಲ್ಲದಿದ್ದರೆ ಇನ್ನೊಬ್ಬರು ಅದನ್ನು ಮಾಡಿ ನೋಡುವಂತಿಲ್ಲ.

ಅದೇ ಊರಿನ ಬಸದಿಯಲ್ಲಿ ಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಭದ್ರವಾಗಿದ್ದು, ಪ್ರತಿಗಳಾಗಿ ಹೊರಬಂದು ೧೯೩೯ರಿಂದ ಅಚ್ಚಾಗತೊಡಗಿದ ಮೇಲೆಯೇ ವಿದ್ವತ್ಪ್ರಪಂಚಕ್ಕೆ ದೊರೆತವು. ಅವನ್ನು ಕಾಪಾಡಿದವರಿಗೆ ನಾವು ಋಣಿಗಳು. ಕೇಸ್ ಶೀಟಿನ ಕಟ್ಟುಗಳಿಗೆ ಅಷ್ಟು ಆಯುಸ್ಸಿಲ್ಲ. ಗೆದ್ದಲಿಗೆ ಅವು ಬಹಳ ರುಚಿ.

ಭಾಷೆಯ ತೊಡಕೊಂದನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಈ ಮೂರು ಊರುಗಳಲ್ಲಿ ರೋಗಿಯು ತುಳುವಿನಲ್ಲಿ ನರಳುತ್ತಾನೆ, ಇಲ್ಲವೆ ಬ್ಯಾರಿ, ಕೊಂಕಣಿ, ಕನ್ನಡಗಳ ಪೈಕಿ ಒಂದರಲ್ಲಿ. ಕೇಸ್ ಶೀಟು ಮಾತ್ರ ಇಂಗ್ಲಿಷಿನಲ್ಲಿ. ಮುದುಕಿಯೊಬ್ಬಳು “ತರೆ ತಿರ್ಗುಂಡು” ಎನ್ನುತ್ತಾಳೆ. ನಿಂತ ನೆಲವೇ ಸುತ್ತುತ್ತದೆಯೆಂದು ಅದರ ಅರ್ಥವೋ, ಎದ್ದಾಗ ಕಣ್ಣು ಕತ್ತಲಿಡುತ್ತದೆಯೆಂದೋ, ನಿದ್ದೆ ಕೆಟ್ಟು ತಲೆ ಭಾರವಾಗಿದೆಯೆಂದೋ ಕೇಳದೆ, ವೈದ್ಯರು ‘ವರ್ಟಿಗೋ’ ಎಂದು ಬರೆದು ಮುಂದಕ್ಕೆ ಹೋಗುತ್ತಾರೆ. ದೂರದ ಜಿಲ್ಲೆಯಿಂದ ಬಂದವರಾದರೆ ನರ್ಸಮ್ಮನವರು ನಡುವೆ ದುಭಾಷಿಗಳಾಗಬೇಕು. ರೋಗಿಯ ಮಾತನ್ನು ಕನ್ನಡಲಿಪಿಯಲ್ಲಿ ಇದ್ದಂತೆಯೇ ಒಂದು ಸಾಲು ಬರೆದುಕೊಂಡು, ಬಳಿಕ ಇಂಗ್ಲಿಷಿನ ಹೆಸರನ್ನು ಕೊಡುವ ಅಭ್ಯಾಸವನ್ನು ನಾವು ಬಲವಾಗಿ ಸೂಚಿಸುತ್ತೇವೆ. ಸಂಶಯ ಬಂದಾಗ ಹಿಂದಿರುಗಿ ನೋಡಲು ಅದೊಂದೇ ಸಾಲು ಉಳಿದಿರುತ್ತದೆ.

ರೋಗಿಯ ಗುಟ್ಟಿನ ವಿಷಯದಲ್ಲಿ ಹಳ್ಳಿಯ ನ್ಯಾಯ ಪಟ್ಟಣದ ನ್ಯಾಯದಂತಲ್ಲ. ಹೆಸರನ್ನು ತೆಗೆದರೆ ಪಟ್ಟಣದಲ್ಲಿ ಮನುಷ್ಯನು ಮರೆಯಾಗುತ್ತಾನೆ. ಆದರೆ ಒಂದು ಗ್ರಾಮದ ಹೆಸರು ಹೇಳಿ, “ನಲವತ್ತೆರಡು ವಯಸ್ಸಿನ, ಶೇಂದಿ ಇಳಿಸುವ ವೃತ್ತಿಯ, ಮೂವರು ಹೆಣ್ಣುಮಕ್ಕಳ ತಂದೆ” ಎಂದು ಬರೆದರೆ ಆ ಊರಿನ ಅಂಗಡಿಯ ಜಗಲಿಯಲ್ಲಿ ಕುಳಿತವರಿಗೆಲ್ಲ ಅವನಾರೆಂಬುದು ಗೊತ್ತಾಗುತ್ತದೆ. ಲೇಖನಕ್ಕೆ ಬೇಕಾದಷ್ಟೇ ವಿವರವನ್ನಿಟ್ಟು ಉಳಿದುದನ್ನು ಬಿಡಬೇಕು. ರೋಗಿಯ ಒಪ್ಪಿಗೆಯನ್ನು ಅವನಿಗೆ ತಿಳಿಯುವ ಭಾಷೆಯಲ್ಲಿಯೇ ಪಡೆಯಬೇಕು; ಇಂಗ್ಲಿಷಿನ ಕಾಗದದ ಮೇಲೆ ಒತ್ತಿಸಿದ ಹೆಬ್ಬೆಟ್ಟು ಒಪ್ಪಿಗೆಯಲ್ಲ.

ತಿದ್ದುವವರಿಗೂ ಒಂದೆರಡು ಮಾತು ಸಲ್ಲುತ್ತದೆ. ಶಿಷ್ಯರ ಕರಡನ್ನು ತಾವೇ ಹೊಸದಾಗಿ ಬರೆದುಕೊಟ್ಟರೆ ಲೇಖನ ಚೆನ್ನಾಗುತ್ತದೆ, ಶಿಷ್ಯರು ಇದ್ದಲ್ಲಿಯೇ ಇರುತ್ತಾರೆ. ಅಂಚಿನಲ್ಲಿ ಪ್ರಶ್ನೆಗಳನ್ನು ಹಾಕಿ, ಒಂದು ವಾರದೊಳಗೆ ಹಿಂದಿರುಗಿಸಿ, ಮತ್ತೆ ತರಿಸಿಕೊಳ್ಳಬೇಕು. ಮೂರು ಸಲವಾದರೂ ಹೋಗಿ ಬರಬೇಕು. ರಾತ್ರಿಯೆಲ್ಲ ಎಚ್ಚರವಿದ್ದು ವೃತ್ತಾಂತಗಳನ್ನು ಕೂಡಿಸಿದವರ ಹೆಸರು ಅಚ್ಚಾಗುವಾಗ ಕೊನೆಗೆ ಸರಿದು, ಕರಡನ್ನು ಕಾಣದವರ ಹೆಸರು ಮೊದಲಿಗೆ ಬರುವ ಪದ್ಧತಿಯು ನಿಂತರೆ, ಎಳೆಯರಿಗೆ ಬರೆಯುವ ಉತ್ಸಾಹ ತಾನಾಗಿ ಬರುತ್ತದೆಂದು ನಮ್ಮ ನಂಬಿಕೆ.

ಮೂರು ತಿಂಗಳಲ್ಲಿ ಇಷ್ಟೆಲ್ಲ ಆದೀತೆ ಎಂದು ಕೇಳಬಹುದು. ಮೊದಲ ತಿಂಗಳಲ್ಲಿ ಒಂದು ಪ್ರಶ್ನೆ ಮತ್ತು ಒಂದು ಖಾಲಿ ಕೋಷ್ಟಕ, ಎರಡನೆಯದರಲ್ಲಿ ಅದನ್ನು ತುಂಬುವುದು, ಮೂರನೆಯದರಲ್ಲಿ ಎರಡು ಪುಟದ ಕರಡು, ಇಷ್ಟು ಸಾಧ್ಯ. ಒಂದು ಋತುವಿನ ಪ್ರಶ್ನೆಗೆ ಒಬ್ಬರ ಅವಧಿ ಸಾಲದು. ಆದಕಾರಣ ಕೋಷ್ಟಕವನ್ನು ಸ್ವಂತ ಚೀಲದಲ್ಲಿಟ್ಟುಕೊಂಡು ಹೋಗದೆ, ಆಸ್ಪತ್ರೆಯಲ್ಲಿಯೇ ಒಂದು ರಿಜಿಸ್ಟರಾಗಿ ಬಿಟ್ಟುಹೋಗಬೇಕು. ಮದ್ದು ಬಿಡುವ ಕಾಲದಲ್ಲಿ ಬಂದವರು ಆರಂಭಿಸಿದುದನ್ನು ಕೊಯ್ಲಿನ ಕಾಲಕ್ಕೆ ಬಂದವರು ಮುಂದುವರಿಸುತ್ತಾರೆ. ಲೇಖನವು ಇಂಗ್ಲಿಷಿನಲ್ಲಿ ಅಚ್ಚಾದ ದಿನವೇ ಅದರ ಸಾರವನ್ನು ಕನ್ನಡದಲ್ಲಿ ಒಂದು ಪುಟವಾಗಿ ಬರೆದು, ಆ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಆಶಾ ಕಾರ್ಯಕರ್ತೆಯರಿಗೂ ಕಳುಹಿಸಬೇಕು. ಮರದಿಂದ ಬಿದ್ದವರ ಮನೆಯ ಬಾಗಿಲಿಗೆ ಹೋಗಿ ಬರುವವರು ಅವರೇ.